ಸರ್ಕಾರಿ ಶಾಲೆಯ ಇಬ್ಬರು ಮಕ್ಕಳಿಗೆ ಸಹಾಯಕ ಸಾಧನ: ಕೂಡಿಸಿದ ಹಣವನ್ನು ಯಾವುದಕ್ಕೆ ಬಳಸಬೇಕು?

ಪ್ರಶ್ನೆ (ಹಳೆಯ ವಿದ್ಯಾರ್ಥಿ, ಸೋಮವಾರಪೇಟೆ ತಾಲ್ಲೂಕು)

ನಾವು ಓದಿದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಾಗಿ ಹಳೆಯ ವಿದ್ಯಾರ್ಥಿಗಳು ಸೇರಿ 60,000 ರೂಪಾಯಿ ಕೂಡಿಸಿದ್ದೇವೆ. ಐದನೇ ತರಗತಿಯ ಒಬ್ಬ ಬಾಲಕಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಶಿಬಿರದಲ್ಲಿ ಸಿಕ್ಕಿದ ಶ್ರವಣ ಸಾಧನ ಅವಳ ಮನೆಯಲ್ಲಿ ಡಬ್ಬಿಯಲ್ಲೇ ಇದೆ. ಏಳನೇ ತರಗತಿಯ ಹುಡುಗನೊಬ್ಬನಿಗೆ ದೃಷ್ಟಿ ತೀರಾ ಮಂದ. ಇಬ್ಬರ ಹೆತ್ತವರೂ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವವರು. ಎರಡು ಟ್ಯಾಬ್ ಕೊಡಿಸಿಬಿಡೋಣ ಎಂಬುದು ನಮ್ಮಲ್ಲಿ ಹಲವರ ಅಭಿಪ್ರಾಯ. ಮುಖ್ಯ ಶಿಕ್ಷಕಿಯವರು ಬೇಡವೆನ್ನಲಿಲ್ಲವಾದರೂ ಉತ್ಸಾಹವನ್ನೂ ತೋರಲಿಲ್ಲ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1 (ನಿವೃತ್ತ ವಿಶೇಷ ಶಿಕ್ಷಕಿ, ವಿರಾಜಪೇಟೆ)

ಟ್ಯಾಬ್ ಕೊಳ್ಳುವ ಮೊದಲು ಆ ಡಬ್ಬಿಯನ್ನು ತೆರೆದು ನೋಡಿ. ಶ್ರವಣ ಸಾಧನದ ಬ್ಯಾಟರಿಯ ಮೇಲಿನ ಸ್ಟಿಕ್ಕರ್ ಕಿತ್ತ ಕ್ಷಣದಿಂದ, ಸಾಧನವನ್ನು ಬಳಸಲಿ ಬಿಡಲಿ, ಅದು ಖರ್ಚಾಗುತ್ತಲೇ ಹೋಗುತ್ತದೆ. ಮಗು ಬೆಳೆದಂತೆ ಕಿವಿಯೊಳಗೆ ಕೂರುವ ಅಚ್ಚು ಅಳತೆ ತಪ್ಪುತ್ತದೆ, ಆಗ ಕೀರಲು ಸದ್ದು ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಂದರೆಯಿದೆ: ಜೂನ್‌ನಿಂದ ಸುರಿಯುವ ಮಳೆಯ ತೇವ ಸಾಧನದೊಳಗೆ ಸೇರುವುದಲ್ಲದೆ, ಶಾಲೆಯ ಚಾವಣಿಯ ಮೇಲೆ ಬೀಳುವ ಮಳೆಯ ಸದ್ದನ್ನೂ ಆ ಸಾಧನ ಶಿಕ್ಷಕರ ಮಾತಿನ ಜೊತೆಗೇ ದೊಡ್ಡದು ಮಾಡಿ ಕೇಳಿಸುತ್ತದೆ. ಮಗು ಅದನ್ನು ಕಿತ್ತಿಡುವುದು ಹಟದಿಂದಲ್ಲ. ರಾತ್ರಿ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡುವುದು, ಮುಂದಿನ ಬೆಂಚಿನಲ್ಲಿ ಕೂರಿಸುವುದು ಮುಂತಾದ ಕ್ರಮಗಳಿಗೆ ಹೆಚ್ಚು ಹಣ ಬೇಕಿಲ್ಲ. ಹೊಸ ಅಚ್ಚು ಮತ್ತು ಮರುತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಬಸ್ಸಿನ ಖರ್ಚು ಮತ್ತು ತಾಯಿ ಕಳೆದುಕೊಳ್ಳುವ ದಿನಗೂಲಿಯನ್ನು ನಿಮ್ಮ ಹಣದಿಂದ ಕೊಡಿ.

ಸಾಧನದ ಬೆಲೆಯನ್ನು ಮಾತ್ರ ಆತುರದಿಂದ ನೀವೇ ಹೊರಬೇಡಿ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮಿನ ಪ್ರಕಾರ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸುವುದು ಸರ್ಕಾರದ ಹೊಣೆ. ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರು) ಅವರನ್ನು ಕಂಡು ಲಿಖಿತ ಅರ್ಜಿ ಕೊಡಿಸಿ.

ಉತ್ತರ 2 (ಸ್ಕ್ರೀನ್ ರೀಡರ್ ಬಳಕೆದಾರ, ಮಡಿಕೇರಿ)

ಹುಡುಗನ ಬಗ್ಗೆ ಹೇಳುತ್ತೇನೆ. ಅವನಿಗೆ ಎಷ್ಟು ಕಾಣುತ್ತದೆ ಎಂಬುದನ್ನು ನೇತ್ರತಜ್ಞರಿಂದ ತಿಳಿಯದೆ ಏನನ್ನೂ ಕೊಳ್ಳಬೇಡಿ. ಉಳಿದಿರುವ ದೃಷ್ಟಿಗೆ ಭೂತಗನ್ನಡಿ, ದೊಡ್ಡ ಅಕ್ಷರದ ಪ್ರತಿ ಮತ್ತು ಓರೆಯಾದ ಬರೆಯುವ ಹಲಗೆ ಸಾಕಾಗಬಹುದು. ಸಾಲದಿದ್ದರೆ ಲ್ಯಾಪ್‌ಟಾಪಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ) ಹಾಕಬಹುದು. ಅದು ಉಚಿತ, ಜೊತೆಗೆ ಬರುವ ಇ-ಸ್ಪೀಕ್ ಧ್ವನಿ ಇಂಟರ್ನೆಟ್ ಇಲ್ಲದೆಯೂ ಕನ್ನಡ ಓದುತ್ತದೆ (ಕೇಳಲು ಇಂಪಾಗಿಲ್ಲ, ಒಂದು ತಿಂಗಳಲ್ಲಿ ಒಗ್ಗಿಹೋಗುತ್ತದೆ). ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಆದರೆ ಶಿಕ್ಷಕರು ಟಿಪ್ಪಣಿಯನ್ನು ಯೂನಿಕೋಡಿನಲ್ಲೇ (ಕಂಪ್ಯೂಟರ್ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತ) ಬೆರಳಚ್ಚು ಮಾಡಬೇಕು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದರೆ ಪರದೆಯ ಮೇಲೆ ಕನ್ನಡ ಕಂಡರೂ ಕಿವಿಗೆ ಬೀಳುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ನಾನು ಓದುವ ಕಾಲದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಉತ್ತರ 3 (ಒಬ್ಬ ತಂದೆ, ಕುಶಾಲನಗರ)

ವಿರಾಜಪೇಟೆಯ ಮೇಡಂ ಅವರ ಮಾತಿಗೆ ಒಂದು ತಕರಾರು. ಹಕ್ಕು ಇದೆ, ನಿಜ; ನನ್ನ ಮಗನ ಅರ್ಜಿ ಮುಂದುವರಿಯುವಷ್ಟರಲ್ಲಿ ಒಂದು ಶೈಕ್ಷಣಿಕ ವರ್ಷವೇ ಮುಗಿದಿತ್ತು. ಅರ್ಜಿ ಹಾಕಿ, ಸರ್ಕಾರದ ಸಾಧನ ಬರುವವರೆಗೆ ಬಳಸಲು ನಿಮ್ಮ ಹಣದಿಂದಲೂ ಒಂದು ಸಾಧನ ಕೊಡಿಸಿ. ಮಗು ಅದನ್ನು ಮನೆಗೆ ಒಯ್ಯಬಹುದೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಬರೆಸಿಕೊಳ್ಳುವುದನ್ನು ಮರೆಯಬೇಡಿ. ಕಳೆದರೆ ಯಾರು ಉತ್ತರ ಹೇಳಬೇಕೆಂಬ ಅಂಜಿಕೆಯಿಂದಲೇ ಎಷ್ಟೋ ಸಾಧನಗಳು ಬೀರುವಿನಲ್ಲಿ ಬೀಗ ಹಾಕಿಸಿಕೊಂಡಿರುತ್ತವೆ. ನಿಮ್ಮ ಮುಖ್ಯ ಶಿಕ್ಷಕಿಯವರ ಹಿಂಜರಿಕೆಗೂ ಇದೇ ಕಾರಣವಿರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಬಾಲಕಿಯ ಮನೆಗೆ ಹೋಗಿದ್ದೆವು. ಬ್ಯಾಟರಿ ಮುಗಿದಿತ್ತು, ಅಚ್ಚು ಎರಡು ವರ್ಷ ಹಳೆಯದು. ಮೈಸೂರಿಗೆ ಹೋಗುವ ದಿನವನ್ನು ಅವಳ ತಾಯಿಯೊಡನೆ ಗೊತ್ತುಮಾಡಿದ್ದೇವೆ; ಹುಡುಗನ ಕಣ್ಣಿನ ತಪಾಸಣೆಯನ್ನೂ ಅದೇ ದಿನ ಮಾಡಿಸುತ್ತೇವೆ. ಟ್ಯಾಬಿನ ಮಾತನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ.