ಸ್ಯಾಂಡ್ ಪೇಪರಿನಲ್ಲಿ ಚಾಕು ಮಸೆಯೋದು ಹೇಗೆ?

ಪ್ರಶ್ನೆ: ನಮಸ್ತೆ ಸರ್. ಅಡುಗೆಮನೆಯ ಸ್ಟೀಲ್ ಚಾಕು ಮೊಂಡಾಗಿದೆ, ಟೊಮೆಟೊ ಹೆಚ್ಚಿದರೆ ಜಜ್ಜಿಹೋಗುತ್ತೆ. ಸಾಣೆ ಹಿಡಿಯೋರು ಈಗ ನಮ್ಮ ಬೀದಿಗೆ ಬರಲ್ಲ. 80 ನಂಬರ್ ಸ್ಯಾಂಡ್ ಪೇಪರ್ ತಂದು ಕೈಯಲ್ಲಿ ಹಿಡಿದು ಅಲಗಿಗೆ ಉಜ್ಜಿದೆ. ಗೀರು ಬಿತ್ತೇ ಹೊರತು ಹರಿತ ಆಗಲಿಲ್ಲ. ತಪ್ಪು ಎಲ್ಲಿ?

ಉತ್ತರ: ಎರಡು ಕಡೆ ಮೇಡಂ. 80 ನಂಬರ್ ತುಂಬಾ ಒರಟು, ಅದು ಮರಕ್ಕೆ ಸರಿ. ಮತ್ತೆ, ಕೈಯಲ್ಲಿ ಹಿಡಿದ ಕಾಗದ ಚಾಕುವಿನ ಬಾಯಿಯ ಸುತ್ತ ಬಾಗುತ್ತೆ, ಅಂಚು ಚೂಪಾಗೋ ಬದಲು ದುಂಡಗಾಗುತ್ತೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕಪ್ಪು ಬಣ್ಣದ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಸ್ಯಾಂಡ್ ಪೇಪರ್) ಕೇಳಿ: 400, 1000, 2000, ಒಂದೊಂದು ಹಾಳೆ ಸಾಕು. ಬಾಯಿ ಅಲ್ಲಲ್ಲಿ ಮುರಿದಿದ್ದರೆ ಮಾತ್ರ 220 ಕೂಡ ಬೇಕು. ದಪ್ಪ ಗಾಜು ಅಥವಾ ನುಣುಪಾದ ಟೈಲ್ಸ್ ತುಂಡಿನ ಮೇಲೆ ನೀರು ಚಿಮುಕಿಸಿ ಕಾಗದ ಹಾಸಿದರೆ ಅಂಟಿ ಕೂರುತ್ತೆ. ಕೆಳಗೊಂದು ಒದ್ದೆ ಬಟ್ಟೆ ಇಡಿ, ಟೈಲ್ಸ್ ಜಾರಬಾರದು. ಪೇಪರ್ ಮೇಲೂ ನೀರಿರಲಿ. ಒಣಗಿದರೆ ಲೋಹದ ಪುಡಿ ಪೇಪರಿನ ಕಾಳುಗಳ ನಡುವೆ ತುಂಬಿಕೊಂಡು, ಪೇಪರ್ ಚಾಕುವನ್ನು ಸವೆಸೋದೇ ನಿಲ್ಲಿಸುತ್ತೆ.

ಕೋನಕ್ಕೆ ಸುಲಭದ ಲೆಕ್ಕ: ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಬೆನ್ನು ಎತ್ತಿ. 4 ಸೆಂ.ಮೀ. ಅಗಲದ ಅಲಗಿಗೆ ಸುಮಾರು 13 ಮಿ.ಮೀ., ಅಂದರೆ ಹತ್ತಿರ ಹತ್ತಿರ 20 ಡಿಗ್ರಿ. ಮೆತ್ತಗಿನ ಸ್ಟೀಲಿಗೆ ಇದೇ ಸರಿ. ಇನ್ನೂ ತೆಳುವಾಗಿ ಮಸೆದರೆ ಬಾಯಿ ಬೇಗ ಮಡಚುತ್ತೆ.

ಎಳೆಯೋವಾಗ ಬೆನ್ನು ಮುಂದೆ, ಬಾಯಿ ಹಿಂದೆ. ಬಾಯಿ ಮುಂದಾಗಿ ತಳ್ಳಿದರೆ ಪೇಪರೇ ಹರಿಯುತ್ತೆ. ಹಿಡಿಯ ಕಡೆಯಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ಸಾಗಲಿ. ತುದಿಯ ಹತ್ತಿರ ಅಲಗು ಬಾಗಿರುತ್ತಲ್ಲ, ಅಲ್ಲಿ ಹಿಡಿಯನ್ನು ಸ್ವಲ್ಪ ಮೇಲೆತ್ತಬೇಕು.

ಪ್ರಶ್ನೆ: ಒಂದೊಂದು ಬದಿ ಎಷ್ಟು ಸಲ ಸರ್?

ಉತ್ತರ: ಎಣಿಕೆ ನಂಬಬೇಡಿ, ಬರ್ ನೋಡಿ. ಒಂದು ಬದಿ ಪೂರ್ತಿ ಸವೆದಾಗ ಕೂದಲೆಳೆಗಿಂತ ತೆಳು ಲೋಹ ಇನ್ನೊಂದು ಬದಿಗೆ ಮಡಚಿ ನಿಲ್ಲುತ್ತೆ, ಅದೇ ಬರ್. ಆ ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯಾಚೆಗೆ ಅಡ್ಡಡ್ಡ ಸವರಿದರೆ ತರಿತರಿಯಾಗಿ ಸಿಗುತ್ತೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೀಬೇಡಿ. 400ರಲ್ಲಿ ಹಿಡಿಯಿಂದ ತುದಿವರೆಗೂ ಬರ್ ಸಿಗದೆ 1000ಕ್ಕೆ ಹೋಗಲೇಬೇಡಿ. ಮನೆಯಲ್ಲಿ ಮಸೆದ ಚಾಕು ಹರಿತ ಆಗದೆ ಉಳಿಯೋದು ಹೆಚ್ಚಾಗಿ ಈ ಅವಸರದಿಂದ. ನುಣುಪು ಕಾಗದ ಅಂಚಿಗೇ ತಲುಪದೆ ಪಕ್ಕವನ್ನಷ್ಟೇ ಹೊಳಪಿಸುತ್ತೆ.

ಎಲ್ಲಿ ಸವೆಯುತ್ತಿದೆ ಅಂತ ಅನುಮಾನವಿದ್ದರೆ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ಎಳೆಯಿರಿ. ತೀರಾ ಬಾಯಿಯಲ್ಲಿ ಬಣ್ಣ ಉಳಿದರೆ ಬೆನ್ನು ಇನ್ನಷ್ಟು ಎತ್ತಬೇಕು.

ಇನ್ನೊಬ್ಬರ ಪ್ರಶ್ನೆ: ಅಣ್ಣಾ, ನಾನು ಹೀಗೇ ಮಾಡಿದೆ. ಮೊದಲ ದಿನ ಕಾಗದ ಸರ್ರಂತ ಸೀಳಿತು, ಎರಡೇ ದಿನಕ್ಕೆ ಮೊಂಡು.

ಉತ್ತರ: ಬರ್ ತೆಗೆದಿಲ್ಲ. ಕಾಗದ ಸೀಳಿದ್ದು ಆ ಮಡಚಿದ ಎಳೆ. ಎರಡು ದಿನದಲ್ಲಿ ಅದು ಮುರಿದು ಬಿತ್ತು, ಕೆಳಗಿನ ಮೊಂಡು ಅಂಚು ಉಳಿಯಿತು. 1000 ಮತ್ತು 2000ದಲ್ಲಿ ಒತ್ತಡ ಇಳಿಸುತ್ತಾ ಬನ್ನಿ. ಕೊನೆಗೆ ಚಾಕುವಿನ ಭಾರವಷ್ಟೇ ಬೀಳುವಂತೆ ಒಂದು ಸಲ ಈ ಬದಿ, ಒಂದು ಸಲ ಆ ಬದಿ, ಹತ್ತು ಸಲ. ಆಮೇಲೆ ಹಳೇ ಚರ್ಮದ ಬೆಲ್ಟನ್ನು ಹಲಗೆ ಮೇಲೆ ಬಿಗಿಯಾಗಿ ಹಾಸಿ, ಅದೇ ಕೋನದಲ್ಲಿ, ಬೆನ್ನು ಮುಂದಾಗಿ ಹತ್ತು ಸಲ ಎಳೆಯಿರಿ.

ಪ್ರಶ್ನೆ: ಈಳಿಗೆಮಣೆಗೂ ಇದೇ ಕ್ರಮವಾ?

ಉತ್ತರ: ಅಲಗು ಮಣೆಗೆ ಸೇರಿರೋದರಿಂದ ಇಲ್ಲಿ ಪೇಪರ್ ಓಡಾಡಬೇಕಮ್ಮ. ಚಪ್ಪಟೆ ಮರದ ತುಂಡಿಗೆ 400 ಸುತ್ತಿ, ಬೆನ್ನಿನ ಕಡೆಯಿಂದ ಬಾಯಿ ದಾಟಿ ಹೊರಕ್ಕೆ ಎಳೆಯಿರಿ, ವಾಪಸ್ ತರುವಾಗ ತಾಗಿಸಬೇಡಿ. ಅಲಗು ಒಳಕ್ಕೆ ಬಾಗಿದ್ದರೆ ಲಟ್ಟಣಿಗೆಯಂಥ ದುಂಡು ಕಟ್ಟಿಗೆಗೆ ಸುತ್ತಬೇಕು. ಮಣೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದಿರಲಿ. ಕಬ್ಬಿಣದ್ದಾದರೆ ತೊಳೆದ ತಕ್ಷಣ ಒರೆಸಿ ಕೊಬ್ಬರಿ ಎಣ್ಣೆ ಸವರಿ. ತುಕ್ಕು ಹಿಡಿದರೆ ಮೊದಲು ಹಾಳಾಗೋದು ಆ ತೆಳು ಅಂಚೇ.

ಬ್ರೆಡ್ ಕೊಯ್ಯೋ ಹಲ್ಲಿನ ಚಾಕುವಿಗೆ ಈ ಕ್ರಮ ಬೇಡ, ಹಲ್ಲು ಸವೆದುಹೋಗುತ್ತೆ.