ಸಂಬಳ ಏರಿದರೂ ಸಾಕು ಅನಿಸುತ್ತಿಲ್ಲ, ನೀವೇನು ಮಾಡಿದಿರಿ?

ಪ್ರಶ್ನೆ: ನಾವಿಬ್ಬರೂ ಬೆಂಗಳೂರಲ್ಲಿ ಕೆಲಸದಲ್ಲಿದ್ದೇವೆ. ವರ್ಷಾವರ್ಷ ಸಂಬಳ ಏರುತ್ತಿದೆ, ಇಎಂಐ ಕೂಡ. ಮನೆಯಲ್ಲಿ ಸಾಮಾನಿಡಲು ಜಾಗವಿಲ್ಲ, ಆದರೂ ಇನ್ನೂ ಏನೋ ಬೇಕು ಅನಿಸುತ್ತೆ. ಆಸೆ ಕಡಿಮೆ ಮಾಡಿಕೊಂಡವರು ಹೇಗೆ ಶುರು ಮಾಡಿದಿರಿ? ಉಪದೇಶ ಬೇಡ, ಮಾಡಿ ನೋಡಿದ್ದು ಹೇಳಿ.

ನಿವೃತ್ತ ಶಿಕ್ಷಕಿ, ಮೈಸೂರು: ಉಪದೇಶ ಬೇಡ ಅಂದಿರಿ, ಆದರೂ ಒಂದು ಕಥೆ ಹೇಳಿಬಿಡ್ತೀನಿ. 12ನೇ ಶತಮಾನದ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದರು. ಅದರಲ್ಲೇ ಅವರ ಹೆಂಡತಿ ಲಕ್ಕಮ್ಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ತಂದರು. ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಅಂತ ಲಕ್ಕಮ್ಮ ವಾಪಸ್ ಕಳಿಸಿದರು. ಆ ಮನೆಯಲ್ಲಿ ದಿನದ ಅಳತೆ ಮೊದಲೇ ಗೊತ್ತಿತ್ತು, ನೋಡಿ. ನಾವು ಅಂಗಡಿಗೆ ಹೋದ ಮೇಲೆ ಎಷ್ಟು ಬೇಕು ಅಂತ ಯೋಚಿಸುತ್ತೇವೆ. ನಮ್ಮ ಮನೆಯಲ್ಲಿ ನನ್ನ ಸೀರೆಗೆ ಬೀರುವಿನ ಒಂದೇ ಖಾನೆ. ಹೊಸದು ಬಂದರೆ ಹಳೆಯದೊಂದು ಯಾರಿಗಾದರೂ ಹೋಗಬೇಕು. ಯಾವುದನ್ನು ಕೊಡಲಿ ಅಂತ ಒಂದೊಂದೇ ಮಡಿಕೆ ಬಿಚ್ಚಿ ನೋಡುವಷ್ಟರಲ್ಲಿ ಹೊಸ ಸೀರೆಯ ಹುಚ್ಚು ಅರ್ಧ ಇಳಿದಿರುತ್ತದೆ. (ಮದುವೆ ಸೀರೆಗೆ ವಿನಾಯಿತಿ ಇದೆ. ಲಕ್ಕಮ್ಮನಷ್ಟು ಗಟ್ಟಿ ಮನಸ್ಸು ನನಗಿಲ್ಲ.)

ಐಟಿ ಉದ್ಯೋಗಿ, ಹುಬ್ಬಳ್ಳಿ: ಮೇಡಂ ಹೇಳಿದ ಅಳತೆಯನ್ನೇ ನಾನು ಫೋನಿಗೆ ಹಾಕಿದ್ದೇನೆ. ಶಾಪಿಂಗ್ ಆ್ಯಪ್‌ನಲ್ಲಿ ಕಾರ್ಡ್ ನಂಬರ್ ಸೇವ್ ಮಾಡಿಲ್ಲ, ನೋಟಿಫಿಕೇಶನ್ ಆಫ್. ಏನಾದರೂ ಕೊಳ್ಳಬೇಕಾದರೆ ಎದ್ದು ಹೋಗಿ ಪರ್ಸ್ ತರಬೇಕು. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡವನು ಅದಕ್ಕೆಲ್ಲ ಏಳ್ತಾನಾ? ಇನ್ನು ಬಡ್ಡಿಯೇ ಇಲ್ಲ ಅನ್ನುವ ‘ನೋ ಕಾಸ್ಟ್ ಇಎಂಐ’ ನೋಡಿ ಸುಮ್ನೆ ಮರುಳಾಗಬೇಡಿ. ಬಡ್ಡಿಯಷ್ಟು ಡಿಸ್ಕೌಂಟ್ ಕೊಟ್ಟರೂ ಆ ಬಡ್ಡಿಯ ಮೇಲೆ ಬ್ಯಾಂಕು 18% ಜಿಎಸ್‌ಟಿ ಹಾಕುತ್ತದೆ. ಎಷ್ಟೋ ಸಲ ಪ್ರೊಸೆಸಿಂಗ್ ಫೀ ಬೇರೆ. ನಮ್ಮಲ್ಲಿ ಒಂದು ಇಎಂಐ ತೀರುವ ತನಕ ಇನ್ನೊಂದರ ಮಾತಿಲ್ಲ.

ಗೃಹಿಣಿ, ಶಿವಮೊಗ್ಗ: ಎಲ್ಲ ಸರಿ. ಆದರೆ ಮನೆಯಲ್ಲಿ ಒಬ್ಬರ ಸರಳತೆ ಇನ್ನೊಬ್ಬರ ತಲೆ ಮೇಲೆ ಕೆಲಸವಾಗಿ ಬೀಳಬಾರದು ಅಲ್ವಾ? ನಮ್ಮವರಿಗೆ ಇದ್ದಕ್ಕಿದ್ದಂತೆ ವೈರಾಗ್ಯ ಬಂದು, ವಾಷಿಂಗ್ ಮಷಿನ್ ಯಾಕೆ ಬೇಕು ಅಂದರು. ಮಳೆಗಾಲದಲ್ಲಿ ಬೆಡ್‌ಶೀಟ್ ಹಿಂಡುವವಳು ನಾನು! ಹಾಗಾದರೆ ಈ ವಾರ ನೀವೇ ಒಗೆಯಿರಿ ಅಂದೆ. ಮಷಿನ್ ಉಳಿಯಿತು. ರೂಮಿನಲ್ಲಿದ್ದ ಎರಡನೇ ಟೀವಿ ಮಾರಿದೆವು.