ಸಹಾಯ ಬೇಕು: ಅಪ್ಪ ಅಮ್ಮನಿಗೆ ಒಮಾನ್ ತೋರಿಸಬೇಕು

ಮಸ್ಕತ್ ಕನ್ನಡಿಗರೇ, ಏಪ್ರಿಲ್‌ನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗಲ್ಲ. ಹಾಗಾಗಿ ವಾದಿ ಶಾಬ್ ಕಣಿವೆ ಬಿಟ್ಟೆವು. ಅಲ್ಲಿ ದೋಣಿ ಇಳಿದ ಮೇಲೆ ಕಲ್ಲುಬಂಡೆ ದಾರಿಯಲ್ಲಿ ನಡೆಯಬೇಕು, ಗುಹೆಯೊಳಗಿನ ಜಲಪಾತ ನೋಡಲು ಈಜಲೂ ಬೇಕು.

ಜಬಲ್ ಅಖ್ದರ್ ಬೆಟ್ಟ ಮಾತ್ರ ತೋರಿಸಲೇಬೇಕು. ಸುಮಾರು 2,000 ಮೀಟರ್ ಎತ್ತರ, ತಂಪು ಗಾಳಿ, ಬೆಟ್ಟದ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗುಲಾಬಿ ತೋಟಗಳು. ಹೂ ಬಿಡಿಸಿ ಪನ್ನೀರು ತೆಗೆಯುವ ಕಾಲವೂ ಅದೇ. ಅಮ್ಮ ಅದನ್ನು ಹತ್ತಿರದಿಂದ ನೋಡಬೇಕು ಅಂತ ನನ್ನ ಆಸೆ.

ಆದರೆ ಫೋರ್ ವೀಲ್ ಡ್ರೈವ್ ಇಲ್ಲದಿದ್ದರೆ ಚೆಕ್‌ಪೋಸ್ಟ್‌ನಿಂದ ಮೇಲೆ ಬಿಡಲ್ಲ. ನಮ್ಮದು ಸಣ್ಣ ಕಾರು. ಬೆಟ್ಟದ ಕೆಳಗಿನ ನಿಜ್ವಾ ಅಥವಾ ಬಿರ್ಕತ್ ಅಲ್ ಮೌಜ್ ಕಡೆ ನಿಧಾನವಾಗಿ ಓಡಿಸುವ, ನಂಬಿಕಸ್ತ ಡ್ರೈವರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬೆಟ್ಟದ ಮೇಲಿನ ಅಲ್ ಐನ್ ಹಳ್ಳಿಯಲ್ಲಿ ಗುಲಾಬಿ ತೋಟದ ಹತ್ತಿರದವರೆಗೂ ಗಾಡಿ ಹೋಗುತ್ತದಾ?